ಈಳಿಗೆಯ ಹದವೂ ನಮ್ಮ ಅವಿವೇಕವೂ

ಖಂಡೆನವಮಿಯ ದಿನ ಮನೆಯ ಈಳಿಗೆಗೆ ಕುಂಕುಮವಿಟ್ಟು ಕೈಮುಗಿಯುತ್ತೇವೆ. ದೀಪಾವಳಿಗೆ ಮನೆ ತೊಳೆಯುವಾಗ ಅದನ್ನೇ ಹಳೆಯ ಕಬ್ಬಿಣ ಕೊಳ್ಳುವವನ ತಕ್ಕಡಿಗೆ ಹಾಕುತ್ತೇವೆ. ಪೂಜಿಸಿದ ಆಯುಧವನ್ನು ಇಪ್ಪತ್ತು ದಿವಸಗಳಲ್ಲಿ ಮಾರುವ ಈ ಭಕ್ತಿಗೆ ಏನೆನ್ನಬೇಕು?

ತುಕ್ಕು ಹಿಡಿಯಿತೆಂಬುದೇ ಅದರ ಮೇಲಿನ ಆರೋಪವು. ಒದ್ದೆಯಾಗಿ ಮೂಲೆಗಿಟ್ಟವರ ದೋಷವನ್ನು ಉಕ್ಕಿನ ತಲೆಗೆ ಕಟ್ಟುವದು ನ್ಯಾಯವಲ್ಲ. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿಯವರು ಕ್ರೋಮಿಯಂ ಬೆರೆಸಿ ತುಕ್ಕು ಹಿಡಿಯದ ಉಕ್ಕನ್ನು ಮಾಡಿದ್ದು ದೊಡ್ಡ ಉಪಕಾರವೇ ಸರಿ. ಆದರೆ ಪೇಟೆಯ ಅಗ್ಗದ ಸ್ಟೀಲು ಚಾಕು ಹೊಳೆಯುವಷ್ಟು ಕಾಲ ಹರಿತವಾಗಿ ಉಳಿಯುವದೇನು?

ಇನ್ನು ಅಜ್ಜಿಯ ಈಳಿಗೆಯನ್ನು ‘ಉದ್ಧರಿಸುವವರ’ ಪಂಗಡವೊಂದುಂಟು. ಇವರು ಅದನ್ನು ವಿದ್ಯುತ್ ಚಕ್ರಕ್ಕೆ ಒತ್ತಿಸಿ, ಕಿಡಿ ಹಾರಿಸಿ, ಕನ್ನಡಿಯಂತೆ ಹೊಳೆಯಿಸಿ ತರುವರು. ಇದು ಮಾರಾಟಕ್ಕಿಂತಲೂ ಘೋರವಾದದ್ದು. ಕಂಬಾರನು ಅಲಗನ್ನು ಕೆಂಪಗೆ ಕಾಯಿಸಿ, ತಣಿಸಿ, ಹದ ಕೊಟ್ಟಿರುವನು. ಉಕ್ಕಿನ ಮೈ ಸುಮಾರು 220 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ತಿಳಿಹಳದಿಯಾಗುವದು. 300ರ ಸುಮಾರಿಗೆ ನೀಲಿಯಾಗುವದು. ಚಕ್ರದ ಮೇಲೆ ಅಂಚು ನೀಲಿಗಟ್ಟಿತೆಂದರೆ ಆ ಹದವು ಕೆಟ್ಟಿತು. ಬಳಿಕ ಎಷ್ಟು ಮಸೆದರೂ ಬೇಗನೆ ಮೊಂಡಾಗುವದು.

ಸಂಸ್ಕೃತದ ‘ಶಾಣ’ವೇ ನಮ್ಮ ‘ಸಾಣೆ’ಯು. ಹೆಸರು ಉಳಿದು ವಿವೇಕವು ಅಳಿಯಬಾರದು. ಹುಣಸೆಹಣ್ಣು, ಬೂದಿ, ತೆಂಗಿನ ನಾರುಗಳಿಂದ ತುಕ್ಕನ್ನು ತಿಕ್ಕಿ ತೆಗೆಯಬೇಕು. ನೀರು ಹಾಕಿದ ಸಾಣೆಗಲ್ಲಿನಿಂದ, ಅಂಚಿನ ಮೊದಲಿನ ಓರೆಯನ್ನು ಅನುಸರಿಸಿ, ಕೈಯಿಂದಲೇ ಮಸೆಯಬೇಕು. ಒರಸಿ ಒಣಗಿಸಿ ಕೊಬ್ಬರಿ ಎಣ್ಣೆ ಸವರಬೇಕು. ಅಲಗು ಮಣೆಯಲ್ಲಿ ಅಲುಗಿದರೆ ಬೆಣೆ ಹೊಡೆಯಬೇಕು. ಮೈಯ ಕಪ್ಪನ್ನು ಮಾತ್ರ ಕೆರೆಯಬಾರದು. ಅದು ಬಳಕೆಯ ಬಣ್ಣವು.

ಈ ರಾಮತೀರ್ಥ ನಗರದ ಮನೆಗಳಲ್ಲಿ ನಿಂತು ಹೆಚ್ಚುವ ಕಟ್ಟೆಗಳಿವೆ, ಮೊಣಕಾಲು ನೋಯುವವರು ನೆಲದ ಮೇಲೆ ಹೇಗೆ ಕೂಡಬೇಕು ಎಂದು ಕೇಳುವವರುಂಟು. ಅವರು ಸುಖವಾಗಿ ನಿಂತೇ ಚಾಕುವಿನಿಂದ ಹೆಚ್ಚಲಿ. ಆದರೆ ಖಾನಾಪುರದ ಕಡೆಯಿಂದ ಹಲಸಿನಕಾಯಿ ಬಂದ ದಿನ, ಎರಡೂ ಕೈಗಳಿಂದ ಹೋಳನ್ನು ಹಿಡಿದು ಅಲಗಿಗೆ ಒತ್ತುವ ಅನುಕೂಲವನ್ನು ಯಾವ ಚಾಕು ಕೊಟ್ಟೀತು? ಕೂಡಬಲ್ಲವರು ಮನೆಯಲ್ಲಿ ಒಬ್ಬರಾದರೂ ಇರುವ ತನಕ ಅದನ್ನು ಪ್ರದರ್ಶನದ ಗೋಡೆಗೆ ತೂಗುಹಾಕುವದು ಗೌರವವಲ್ಲ, ನಿವೃತ್ತಿಯ ಶಿಕ್ಷೆಯು.

ಬರುವ ಖಂಡೆನವಮಿಗೆ ಈಳಿಗೆಗೆ ಮೊದಲು ಸಾಣೆ ಸಲ್ಲಲಿ, ಆಮೇಲೆ ಕುಂಕುಮ. ಮರುದಿನ ಅದರಿಂದಲೇ ಕಾಯಿಪಲ್ಯ ಹೆಚ್ಚಿರಿ. ಪೂಜೆಯು ಆಗ ಪೂರ್ಣವಾಗುವದು.