ಗದ್ದದ ಮೇಲಿನ ಗೆರೆ

ಎರಡು ತಿಂಗಳಿಂದ ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ತೀರ್ಥಹಳ್ಳಿಯಲ್ಲಿ 35 ವರ್ಷ ಫೋಟೊ ಸ್ಟುಡಿಯೊ ನಡೆಸಿದವನಿಗೆ ಎಲ್ಲಿಗೆ ಹೋದರೂ ಕಣ್ಣು ಹೋಗುವುದು ಕ್ಯಾಮೆರಾದ ಕಡೆಗೇ. ಆದ್ದರಿಂದ ಈ ವಾರ ಇಲ್ಲಿನ ಮಕ್ಕಳ ಒಂದು ಫೋಟೊದ ವಿಷಯ.

ಇಲ್ಲಿ ಹೈಸ್ಕೂಲು ಎಂದರೆ 9ರಿಂದ 12ನೇ ತರಗತಿ. ಕೊನೆಯ ವರ್ಷದವರಿಗೆ 'ಸೀನಿಯರ್' ಎಂಬ ಹೆಸರು. ಆ ವರ್ಷ ಶುರುವಾಗುವ ಹೊತ್ತಿಗೆ, ಎಷ್ಟೋ ಕಡೆ ಬೇಸಿಗೆ ರಜೆಯಲ್ಲೇ, ಮಕ್ಕಳು 'ಸೀನಿಯರ್ ಪೋರ್ಟ್ರೇಟ್' ತೆಗೆಸಿಕೊಳ್ಳುತ್ತಾರೆ. ಅದರಲ್ಲಿ ಒಂದು ಶಾಲೆಯ 'ಇಯರ್‌ಬುಕ್' ಸೇರುತ್ತದೆ. ಆ ವರ್ಷದ ಮಕ್ಕಳ ಮುಖ, ಹೆಸರು, ಆಟೋಟ, ನಾಟಕ ಎಲ್ಲವೂ ಇರುವ ರಟ್ಟಿನ ಪುಸ್ತಕ ಅದು. ಉಳಿದ ಪ್ರತಿಗಳು ಅಜ್ಜಿಮನೆಯ ಗೋಡೆಗೆ, ನೆಂಟರಿಗೆ.

ಈ ಫೋಟೊಕ್ಕೆ ಅನೇಕ ಶಾಲೆಗಳಲ್ಲಿ ಒಂದೇ ಬಗೆಯ ಉಡುಪು. ಹುಡುಗಿಯರ ಭುಜಕ್ಕೆ 'ಡ್ರೇಪ್' ಎಂಬ ಕಪ್ಪು ಬಟ್ಟೆ, ಹುಡುಗರಿಗೆ ಕಪ್ಪು ಕೋಟು, ಬೋ ಟೈ. ಎಲ್ಲವೂ ಸ್ಟುಡಿಯೊದವರದೇ. ಒಂದು ಗುಟ್ಟು ಹೇಳಲೇ? ಆ ಕೋಟು ಎಷ್ಟೋ ಕಡೆ ಪೂರ್ತಿ ಕೋಟೇ ಅಲ್ಲ. ಮುಂದುಗಡೆ ಮಾತ್ರ ಇರುತ್ತದೆ, ಹಿಂದೆ ತೆರೆದಿರುತ್ತದೆ. ಮೇಲೆ ರಾಜಕುಮಾರ, ಕೆಳಗೆ ಚಡ್ಡಿ, ಚಪ್ಪಲಿ! ಆದರೂ ನನಗೆ ಆ ಪದ್ಧತಿ ಹಿಡಿಸಿತು. ಯಾರ ಮನೆಯಲ್ಲಿ ದುಡ್ಡಿದೆ, ಯಾರ ಮನೆಯಲ್ಲಿ ಇಲ್ಲ ಎಂದು ಆ ಪುಟ ನೋಡಿ ಹೇಳಲು ಬರುವುದಿಲ್ಲ.

ಈ ಪದ್ಧತಿಗೆ ವಯಸ್ಸಾಗಿದೆ. ಮೊದಲ ಕಾಲದ ಫೋಟೊಗಳು ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಮೂಡುತ್ತಿದ್ದವು. ಒಂದು ತಗಡಿಗೆ ಒಂದೇ ಫೋಟೊ, ಇನ್ನೊಂದು ಪ್ರತಿ ಇಲ್ಲ. ಆಮೇಲೆ ಗಾಜಿನ ನೆಗೆಟಿವ್ ಬಂತು. ಒಂದು ನೆಗೆಟಿವ್‌ನಿಂದ ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದು. 1860ರ ದಶಕದಲ್ಲಿ ಬಾಸ್ಟನ್ ಕಡೆಯ ಜಾರ್ಜ್ ಕೆ. ವಾರೆನ್ ಎಂಬ ಛಾಯಾಗ್ರಾಹಕ ಇದನ್ನು ಚೆನ್ನಾಗಿ ಬಳಸಿಕೊಂಡ. ಕಾಲೇಜು ಬಿಡುವ ಹುಡುಗರ ಫೋಟೊ ತೆಗೆದು ಬೇಕಾದಷ್ಟು ಪ್ರತಿ ಮಾಡಿಕೊಡುತ್ತಿದ್ದ. ಹುಡುಗರು ಗೆಳೆಯರ ಫೋಟೊಗಳನ್ನೆಲ್ಲ ಕೊಂಡು ಆಲ್ಬಂ ಕಟ್ಟಿಸುತ್ತಿದ್ದರು. ನಾವು ಎಸ್ಸೆಸ್ಸೆಲ್ಸಿ ಮುಗಿಯುವಾಗ ಆಟೋಗ್ರಾಫ್ ಪುಸ್ತಕ ಹಿಡಿದು ಓಡಾಡುತ್ತಿದ್ದೆವಲ್ಲ, ಅದೇ ಆಸೆ.

ಹಿರಿಯರೇ, ನಮ್ಮ ಕಾಲದ ಮದುವೆ ಫೋಟೊ ತೆಗೆದು ನೋಡಿ. ಗಂಡು, ಹೆಣ್ಣು ಇಬ್ಬರೂ ಕೋರ್ಟಿನಲ್ಲಿ ನಿಂತವರ ಹಾಗಿರುತ್ತಾರೆ! ಇಲ್ಲೂ ಹಾಗೇ ಇತ್ತಂತೆ. ಮೊದಮೊದಲು ಫೋಟೊಕ್ಕೆ ಅಲುಗಾಡದೆ ಬಹಳ ಹೊತ್ತು ಕೂರಬೇಕಿತ್ತು. ಆ ಕಷ್ಟ ಹೋದ ಮೇಲೂ ಗಂಭೀರವಾಗಿರುವುದೇ ಮರ್ಯಾದೆ ಎಂಬ ಅಭ್ಯಾಸ ಉಳಿದುಕೊಂಡಿತು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು 1905ರಿಂದ 2013ರವರೆಗಿನ ಹೈಸ್ಕೂಲು ಇಯರ್‌ಬುಕ್‌ಗಳ ಸುಮಾರು 38 ಸಾವಿರ ಮುಖಗಳನ್ನು ಕಂಪ್ಯೂಟರಿನಿಂದ ಹೋಲಿಸಿ ನೋಡಿದರು. ಕಾಲ ಕಳೆದಂತೆ ನಗು ಅಗಲವಾಗುತ್ತಾ ಬಂದಿದೆ, ಹುಡುಗಿಯರ ನಗು ಹುಡುಗರದ್ದಕ್ಕಿಂತ ಹೆಚ್ಚು ಎಂದು ತಿಳಿಯಿತು.

ಆದರೆ ನಮ್ಮ ಮನೆಯ ಹುಡುಗಿ ನಗುವ ಸ್ಥಿತಿಯಲ್ಲಿರಲಿಲ್ಲ. ಹಿಂದಿನ ಸಂಜೆ ಮೊಮ್ಮಗಳು, "ಅಜ್ಜಾ, ನಾನು ನಾಳೆ ಹೋಗಲ್ಲ" ಎಂದಳು. ಹಣೆಯಲ್ಲಿ ಎರಡು ಮೊಡವೆ ಎದ್ದಿದ್ದವು. ಗದ್ದದ ಮೇಲೆ ಒಂದು ಗೆರೆ ಮೊದಲೇ ಇದೆ. ಏಳು ವರ್ಷದವಳಿದ್ದಾಗ ಉಯ್ಯಾಲೆಯಿಂದ ಬಿದ್ದು ನಾಲ್ಕು ಹೊಲಿಗೆ ಹಾಕಿಸಿಕೊಂಡ ಗುರುತು. "ಕನ್ನಡಿಯಲ್ಲಿ ಹೇಗೋ ಪರವಾಗಿಲ್ಲ ಅಜ್ಜಾ. ಫೋಟೊದಲ್ಲಿ ಮಾತ್ರ ನಾನು ಯಾರೋ ಆಗಿಬಿಡ್ತೀನಿ."

ಅವಳು ಹೇಳಿದ್ದು ಸುಳ್ಳಲ್ಲ. ಕನ್ನಡಿ ನಮ್ಮ ಮುಖವನ್ನು ಎಡಬಲ ತಿರುಗಿಸಿ ತೋರಿಸುತ್ತದೆ. ದಿನಾ ನೋಡಿ ನಮಗೆ ಆ ಮುಖವೇ ರೂಢಿ. 1977ರಲ್ಲಿ ಅಮೆರಿಕದ ಮನೋವಿಜ್ಞಾನಿಗಳು ಒಂದು ಪ್ರಯೋಗ ಮಾಡಿದರು. ಒಬ್ಬೊಬ್ಬರ ಫೋಟೊವನ್ನೂ ಸರಿಯಾಗಿ ಒಂದು, ಎಡಬಲ ತಿರುಗಿಸಿ ಒಂದು, ಹೀಗೆ ಎರಡು ಪ್ರತಿ ಮಾಡಿ ತೋರಿಸಿದರು. ಹೆಚ್ಚಿನವರು ತಮ್ಮ ತಿರುಗಿಸಿದ ಫೋಟೊವನ್ನೇ ಮೆಚ್ಚಿದರು. ಅವರ ಗೆಳತಿಯರು ಸರಿಯಾದದ್ದನ್ನು ಮೆಚ್ಚಿದರು. "ಅಂದರೆ ಏನು ಗೊತ್ತಾ ಪುಟ್ಟಿ? ನಿನಗೆ ಅಪರಿಚಿತವಾಗಿ ಕಾಣುವ ಮುಖವೇ ನಮಗೆಲ್ಲ ಪ್ರೀತಿಯ ಮುಖ" ಎಂದೆ. ಸ್ವಲ್ಪ ಯೋಚಿಸಿ, "ನೀವೂ ಜೊತೆಗೆ ಬನ್ನಿ" ಎಂದಳು.

ಸ್ಟುಡಿಯೊದಲ್ಲಿದ್ದ ಛಾಯಾಗ್ರಾಹಕಿಗೆ ನನ್ನ ಮಗಳಿಗಿಂತ ಕಡಿಮೆ ವಯಸ್ಸು. ಆಕೆ ಮೊದಲ ಐದು ನಿಮಿಷ ಕ್ಯಾಮೆರಾವನ್ನೇ ಮುಟ್ಟಲಿಲ್ಲ. ಯಾವ ಪಾಠ ಇಷ್ಟ, ಪಿಟೀಲು ಎಂದಿನಿಂದ ಕಲಿಯುತ್ತಿದ್ದೀಯ ಎಂದು ಮಾತಾಡಿಸಿದಳು. ಆಮೇಲೆ ಒಂದೊಂದೇ ಸೂಚನೆ. ಎದೆ ನೇರ ಕ್ಯಾಮೆರಾಕ್ಕೆ ಬೇಡ, ಮೈ ಸ್ವಲ್ಪ ಓರೆಯಾಗಲಿ, ಮುಖ ಮಾತ್ರ ಈ ಕಡೆ. ಭಾರ ಹಿಂದಿನ ಕಾಲಿನ ಮೇಲಿರಲಿ, ಆಗ ಭುಜ ತಾನಾಗಿ ಸಡಿಲವಾಗುತ್ತದೆ. ಗದ್ದ ಒಂದು ಚೂರು ಮುಂದೆ, ಒಂದು ಚೂರು ಕೆಳಗೆ. ಕನ್ನಡಕದ ಕಡ್ಡಿ ಕಿವಿಯ ಹತ್ತಿರ ಕೊಂಚ ಮೇಲೆತ್ತಿದರೆ ಗಾಜು ಬೆಳಕನ್ನು ಎದುರು ಹೊಡೆಯುವುದಿಲ್ಲ.

"ನಗು" ಎಂದು ಮಾತ್ರ ಒಮ್ಮೆಯೂ ಹೇಳಲಿಲ್ಲ. ಹೊರಗಡೆ ಮರದ ನೆರಳಿಗೆ ಕರೆದೊಯ್ದು ಕೈಗೆ ಪಿಟೀಲು ಕೊಟ್ಟಳು. ಹದಿನೇಳರ ಮಕ್ಕಳಿಗೆ ಫೋಟೊದಲ್ಲಿ ದೊಡ್ಡ ತೊಂದರೆ ಮುಖವಲ್ಲ, ಕೈ. ಎಲ್ಲಿಡಬೇಕೆಂದು ಗೊತ್ತಾಗುವುದಿಲ್ಲ. ಕೈಗೆ ಕೆಲಸ ಸಿಕ್ಕರೆ ಮುಖ ತನ್ನ ಪಾಡಿಗೆ ತಾನಿರುತ್ತದೆ. ಶ್ರುತಿ ಮಾಡಿಕೊಳ್ಳುತ್ತಾ ಮೊಮ್ಮಗಳು ನನ್ನತ್ತ ನೋಡಿ ನಕ್ಕಳು. ಕ್ಯಾಮೆರಾ ಕ್ಲಿಕ್ ಎಂದಿತು.

ವಾರದ ನಂತರ ಫೋಟೊ ಆರಿಸಲು ಒಂದು ಫಾರಂ ಬಂತು. ಅದರಲ್ಲಿ ಒಂದು ಪ್ರಶ್ನೆ: ಮೊಡವೆ ತೆಗೆಯಬೇಕೇ? ಗಾಯದ ಗುರುತು ತೆಗೆಯಬೇಕೇ? ಪೆನ್ನು ಹಿಡಿದುಕೊಂಡೇ ಮೊಮ್ಮಗಳು, "ಅಜ್ಜಾ, ನೀವೂ ಹೀಗೆ ತೆಗೀತಿದ್ರಾ?" ಎಂದು ಕೇಳಿದಳು.

ತೆಗೆಯುತ್ತಿದ್ದೆ. ಟಚಿಂಗ್ ಎನ್ನುತ್ತಿದ್ದೆವು. ಮುಖದ ಕಪ್ಪು ಕಲೆ ನೆಗೆಟಿವ್‌ನಲ್ಲಿ ತೆಳ್ಳಗೆ, ಬೆಳ್ಳಗೆ ಕಾಣುತ್ತದೆ. ಅಲ್ಲಿ ಚೂಪಾದ ಪೆನ್ಸಿಲಿನಿಂದ ಸಣ್ಣ ಸಣ್ಣ ಚುಕ್ಕಿ ಇಟ್ಟು ತುಂಬಿದರೆ ಪ್ರಿಂಟಿನಲ್ಲಿ ಕಲೆ ಮಾಯ. ಆ ಕೆಲಸದಲ್ಲಿ ನನ್ನ ಕೈ ಚೆನ್ನಾಗಿತ್ತು. ಅದರ ಜಂಬವೂ ಇತ್ತು.

1991ರಲ್ಲಿ ಮಗಳು ಎಸ್ಸೆಸ್ಸೆಲ್ಸಿ ಪಾಸಾದಳು. ಅವಳದೊಂದು ದೊಡ್ಡ ಫೋಟೊ ತೆಗೆದು, ಎಡಗೆನ್ನೆಯ ಮಚ್ಚೆಯನ್ನು ಒಂದಿಡೀ ರಾತ್ರಿ ಕೂತು ಅಳಿಸಿ, ಸ್ಟುಡಿಯೊದ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟೆ. ಅವಳಿಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ. ಅವಳು ನೋಡಿ, "ಅಪ್ಪಾ, ನನ್ನ ಮಚ್ಚೆ ಎಲ್ಲಿ?" ಎಂದಳು. "ತೆಗೆದೆ ಮಗಾ, ಈಗ ಎಷ್ಟು ಚೆಂದ ಕಾಣ್ತಿ ನೋಡು" ಎಂದೆ. "ಹಾಗಾದ್ರೆ ಮಚ್ಚೆ ಇದ್ರೆ ಚೆಂದ ಇಲ್ವಾ?"

ಉತ್ತರ ಹೊಳೆಯಲಿಲ್ಲ, ನಕ್ಕು ಸುಮ್ಮನಾದೆ. ಆಮೇಲೆ ಯಾರು ಕ್ಯಾಮೆರಾ ಹಿಡಿದರೂ ಅವಳು ಬಲಗೆನ್ನೆಯನ್ನೇ ಮುಂದೆ ಮಾಡುತ್ತಿದ್ದಳು. ತನ್ನ ಮದುವೆಯ ಫೋಟೊದಲ್ಲೂ. ಅಷ್ಟು ದಿನ ಸಾವಿರಾರು ಮುಖ ನೋಡಿದ ನನಗೆ ಅದು ಕಂಡದ್ದು ಬಹಳ ತಡವಾಗಿ.

ಇದನ್ನೆಲ್ಲ ನಾನು ಹೇಳುವಾಗ ಮಗಳು ಅಲ್ಲೇ ತರಕಾರಿ ಹೆಚ್ಚುತ್ತಿದ್ದಳು. "ನಿಮಗೆ ಅದು ನೆನಪಿದೆಯಾ ಅಪ್ಪಾ?" ಎಂದಳು. "ಇದೆ. ಆ ದಿನ ನಿನ್ನನ್ನು ಒಂದು ಮಾತು ಕೇಳಬೇಕಿತ್ತು" ಎಂದೆ. ಅವಳು ಏನೂ ಹೇಳಲಿಲ್ಲ. ಎದ್ದು ಎಲ್ಲರಿಗೂ ಕಾಫಿ ಮಾಡಿದಳು.

ಎರಡು ದಿನ ಫಾರಂ ಮೇಜಿನ ಮೇಲೇ ಇತ್ತು. ನಾನೂ ಹೇಳಲಿಲ್ಲ, ಅವಳಮ್ಮನೂ ಹೇಳಲಿಲ್ಲ. ಮೂರನೇ ದಿನ ಮೊಮ್ಮಗಳೇ ಬರೆದಳು. ಮೊಡವೆ ತೆಗೆಯಿರಿ. ಗದ್ದದ ಗೆರೆ ಪೂರ್ತಿ ಬೇಡ, ಸ್ವಲ್ಪ ಮಂಕು ಮಾಡಿದರೆ ಸಾಕು. "ಮೊಡವೆ ಮುಂದಿನ ತಿಂಗಳು ಹೇಗೂ ಇರಲ್ಲ ಅಜ್ಜಾ. ಗೆರೆ ನನ್ನ ಜೊತೆ ಇರುತ್ತಲ್ಲ."

ನನ್ನನ್ನು ಕೇಳಿದ್ದರೆ ಗೆರೆ ಇದ್ದ ಹಾಗೇ ಇರಲಿ ಎನ್ನುತ್ತಿದ್ದೆ. ಆದರೆ ಗದ್ದ ಅವಳದು. ಅಳಿಸುವುದೋ ಉಳಿಸುವುದೋ ಎಂಬ ಮಾತೂ ಅವಳದೇ. ಇದು ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಮಕ್ಕಳೇ, ನಿಮ್ಮ ಮನೆಯ ಮೊಬೈಲಿನಲ್ಲೂ ಈಗ ಒಂದು ಬೆರಳು ಒತ್ತಿದರೆ ಮಚ್ಚೆ, ಸುಕ್ಕು, ಕಲೆ ಎಲ್ಲ ಹೋಗುತ್ತದೆ. ಒತ್ತುವ ಮೊದಲು ಆ ಮುಖದವರನ್ನು ಒಮ್ಮೆ ಕೇಳಿ. ಈ ಭಾನುವಾರ ಅಜ್ಜನನ್ನೋ ಅಜ್ಜಿಯನ್ನೋ ಕಿಟಕಿಯ ಪಕ್ಕ ಕೂರಿಸಿ. ಬೆಳಕು ಒಂದು ಕಡೆಯಿಂದ ಬೀಳಲಿ. ಕೈಗೆ ಅವರ ಕೆಲಸದ್ದೇ ಏನಾದರೂ ಕೊಡಿ: ಹೂವಿನ ಬುಟ್ಟಿಯೋ ಅಡಕತ್ತರಿಯೋ. ಅವರ ಮುಖದ ಒಂದು ಗೆರೆಯ ಕತೆ ಕೇಳಿ. ಅವರು ಹೇಳುತ್ತಿರುವಾಗಲೇ ಕ್ಲಿಕ್ ಮಾಡಿ.

ಮುಂದಿನ ವಾರ ಮತ್ತೆ ಸಿಗೋಣ.