ಗ್ಯಾಸ್ ಬಾವಿಯಲ್ಲಿ ಪಾಲು ಬೇಕೇ?

ಗ್ಯಾಸ್ ಬಾವಿಗೂ ನಮಗೂ ಏನು ಸಂಬಂಧ ಅಂತೀರಾ? ಅಮೆರಿಕದಲ್ಲಿರುವ ಮಗ ಒಂದು ದಿನ ಫೋನ್ ಮಾಡಿ, "ಅಮ್ಮ, ಟೆಕ್ಸಾಸ್‌ನಲ್ಲಿ ನೈಸರ್ಗಿಕ ಅನಿಲದ ಬಾವಿಯಲ್ಲಿ ಪಾಲು ಕೊಡ್ತಾರಂತೆ, ತಿಂಗಳು ತಿಂಗಳು ಚೆಕ್ ಬರುತ್ತಂತೆ. ನಿನ್ನ ಎಫ್.ಡಿ. ದುಡ್ಡೂ ಸೇರಿಸೋಣ್ವಾ?" ಅಂದರೆ ಸಂಬಂಧ ಶುರುವಾಯಿತು ಅಂತಲೇ ತಿಳಿಯಿರಿ.

ನಮ್ಮಲ್ಲಿ ಜಮೀನು ಇದ್ದ ಮಾತ್ರಕ್ಕೆ ಅದರಡಿಯ ಅನಿಲ ನಮ್ಮದಾಗೋದಿಲ್ಲ. ಬೇಕಿದ್ದರೆ ಕಂಪನಿಯ ಷೇರು ಕೊಳ್ಳಬಹುದು, ಅಷ್ಟೆ. ಅಮೆರಿಕದಲ್ಲಿ ಹಾಗಲ್ಲ. ಅನೇಕ ಕಡೆ ನೆಲದಡಿಯದ್ದೂ ಖಾಸಗಿ ಸ್ವತ್ತು. ಹಾಗಾಗಿ ಒಂದೊಂದು ಬಾವಿಯನ್ನೂ ಪಾಲು ಮಾಡಿ ಮಾರುತ್ತಾರೆ.

ಹೊಸದಾಗಿ ಕೊರೆಸಿದ ಬೋರ್‌ವೆಲ್ ನೆನಪಿಸಿಕೊಳ್ಳಿ. ಮೊದಲ ವರ್ಷ ಭರ್ಜರಿ ನೀರು, ಆಮೇಲೆ ಬರಬರುತ್ತಾ ಕಡಿಮೆ. ಬಂಡೆಪದರ ಒಡೆದು ತೆಗೆಯುವ ಶೇಲ್ ಗ್ಯಾಸ್ ಇದಕ್ಕಿಂತ ಬೇಗ ಇಳಿಯುತ್ತೆ. ಮೊದಲ ವರ್ಷದಲ್ಲೇ ಉತ್ಪಾದನೆ ಶೇ. 60-70ರಷ್ಟು ಕುಸಿಯುವುದು ಸಾಮಾನ್ಯ. ಮೊದಲ ತಿಂಗಳು 50 ಸಾವಿರ ಬಂದರೆ ವರ್ಷ ತಿರುಗುವಾಗ 15-20 ಸಾವಿರ, ಅದೂ ಬೆಲೆ ಹಾಗೇ ನಿಂತರೆ! ಬೆಲೆ ನಿಲ್ಲೋದಾದರೂ ಎಲ್ಲಿ? 2008ರ ಜುಲೈನಲ್ಲಿ ಅಮೆರಿಕದ ಮಾರುಕಟ್ಟೆಯಲ್ಲಿ ಒಂದು ಯೂನಿಟ್‌ಗೆ 13 ಡಾಲರ್ ದಾಟಿದ್ದ ಗ್ಯಾಸ್, 2012ರ ಏಪ್ರಿಲ್‌ನಲ್ಲಿ 2 ಡಾಲರ್‌ಗಿಂತ ಕೆಳಗಿತ್ತು. ಹಾಗಾಗಿ ಆ ಚೆಕ್ಕನ್ನು ಬಡ್ಡಿ ಅಂದುಕೊಳ್ಳಬೇಡಿ. ಅದರಲ್ಲಿ ನಿಮ್ಮ ಅಸಲೇ ಚೂರುಚೂರಾಗಿ ವಾಪಸ್ ಬರ್ತಾ ಇರುತ್ತೆ. ಪೂರ್ತಿ ಬರುವ ಮುಂಚೆ ಬಾವಿ ಬತ್ತಿದರೆ?

ದೊಡ್ಡವರ ಲೆಕ್ಕವೂ ತಪ್ಪಿದ್ದುಂಟು. ಆಂಧ್ರ ಕರಾವಳಿಯಾಚೆಯ ಕೆಜಿ-ಡಿ6ರಲ್ಲಿ 2009ರ ಏಪ್ರಿಲ್‌ನಲ್ಲಿ ರಿಲಯನ್ಸ್ ಅನಿಲ ತೆಗೆಯಲು ಶುರುಮಾಡಿದಾಗ ದಿನಕ್ಕೆ 8 ಕೋಟಿ ಘನ ಮೀಟರ್ ನಿರೀಕ್ಷೆ ಇತ್ತು. ಅಷ್ಟು ಬರಲೇ ಇಲ್ಲ. 2010ರ ನಂತರ ಇಳಿಯುತ್ತಾ ಹೋಗಿ, ಅಲ್ಲಿನ ಡಿ1, ಡಿ3 ನಿಕ್ಷೇಪಗಳು 2020ರ ಫೆಬ್ರವರಿಯಲ್ಲಿ ನಿಂತೇ ಹೋದವು. ಷೇರುದಾರರಿಗೆ ಬೇರೆ ವ್ಯಾಪಾರಗಳ ಲಾಭವಾದರೂ ಇತ್ತು. ಒಂದೇ ಬಾವಿಯಲ್ಲಿ ದುಡ್ಡು ಹಾಕಿದವರಿಗೆ ಯಾರು ದಿಕ್ಕು?

ಪಾಲಿನಲ್ಲೂ ಎರಡು ಬಗೆ. ರಾಯಲ್ಟಿಯಾದರೆ ಬಂದದ್ದರಲ್ಲಿ ಭಾಗ, ಕೊರೆಯುವ ಖರ್ಚಿನ ತಲೆನೋವಿಲ್ಲ. 'ವರ್ಕಿಂಗ್ ಇಂಟರೆಸ್ಟ್' ಆದರೆ ರಿಪೇರಿಯಿಂದ ಹಿಡಿದು ಕೊನೆಗೆ ಬಾವಿ ಮುಚ್ಚುವವರೆಗಿನ ಖರ್ಚಿನಲ್ಲೂ ನಿಮ್ಮ ಪಾಲು ಇರುತ್ತೆ. ಮಾರುವವರು ಹೆಚ್ಚಾಗಿ ತೋರಿಸೋದು ಇದನ್ನೇ, ಯಾಕಂದ್ರೆ ಅಲ್ಲಿ ಸಂಪಾದಿಸುವವರಿಗೆ ಕೊರೆತದ ಖರ್ಚಿನ ಮೇಲೆ ತೆರಿಗೆ ವಿನಾಯಿತಿ ಉಂಟು. ಮಗನಿಗೆ ಅದು ಲಾಭವಾದೀತು. ಅಲ್ಲಿ ಸಂಪಾದನೆಯೇ ಇಲ್ಲದ ನಿಮಗೆ?

ಟೆಕ್ಸಾಸ್‌ನಲ್ಲಿ ಪ್ರತಿ ಬಾವಿಯ ಉತ್ಪಾದನೆಯ ಲೆಕ್ಕ 'ರೈಲ್‌ರೋಡ್ ಕಮಿಷನ್'ಗೆ ಹೋಗುತ್ತೆ. ಹೆಸರು ರೈಲಿನದು, ಕೆಲಸ ತೈಲ-ಅನಿಲದ್ದು! ಆ ದಾಖಲೆ ಯಾರು ಬೇಕಾದರೂ ನೋಡಬಹುದು. ಅಕ್ಕಪಕ್ಕದ ಬಾವಿಗಳು ಮೂರು ವರ್ಷದಲ್ಲಿ ಎಷ್ಟು ಕೊಟ್ಟವು, ಖರ್ಚು ಕಳೆದು ಪಾಲುದಾರರ ಕೈಗೆ ಎಷ್ಟು ಬಂತು ಅಂತ ವಿಚಾರಿಸಿ ಬರೆದು ಕಳಿಸು ಅಂತ ಮಗನಿಗೆ ಹೇಳಿ. ಅಲ್ಲಿಯವರೆಗೆ ಎಫ್.ಡಿ. ರಸೀದಿ ಬೀರುವಿನಲ್ಲೇ ಇರಲಿ.