ಬೋನಾಳದ ಹೆಬ್ಬಾತು ಲೆಕ್ಕಕ್ಕೆ ಬರಲಿ

ಏರ್ ಟ್ಯಾಕ್ಸಿ ಎಂದರೆ ಅದು ಬೆಂಗಳೂರಿನ ಮಾತು, ಯಾದಗಿರಿಗೂ ಅದಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಬೆಂಗಳೂರಿನ ಸರಳಾ ಏವಿಯೇಷನ್ ಕಂಪನಿ 2025ರ ಜನವರಿಯಲ್ಲಿ ದೆಹಲಿಯಲ್ಲಿ ‘ಶೂನ್ಯ’ ಎಂಬ ಮಾದರಿಯನ್ನು ಪ್ರದರ್ಶಿಸಿ, 2028ರ ಹೊತ್ತಿಗೆ ಬೆಂಗಳೂರಿನಲ್ಲಿ ಸೇವೆ ಆರಂಭಿಸುವ ಗುರಿ ಹೇಳಿಕೊಂಡಿದ್ದು ನಿಜ. ಆದರೆ ಮರುತಿಂಗಳೇ ಚೆನ್ನೈನ ಇ-ಪ್ಲೇನ್ ಕಂಪನಿಯು ಐಸಿಎಟಿಟಿ ಎಂಬ ಏರ್ ಆಂಬುಲೆನ್ಸ್ ಸಂಸ್ಥೆಯೊಂದಿಗೆ 788 ವಿದ್ಯುತ್ ಚಾಲಿತ ಹಾರುವ ಆಂಬುಲೆನ್ಸ್‌ಗಳ ಒಪ್ಪಂದ ಮಾಡಿಕೊಂಡಿತು. ದೇಶದ ಪ್ರತಿ ಜಿಲ್ಲೆಗೂ ಅವನ್ನು ತಲುಪಿಸುವ ಯೋಜನೆ ಅದು. ಅದು ಕೈಗೂಡಿದರೆ ಯಾದಗಿರಿಯೂ ಆ ಪಟ್ಟಿಯಲ್ಲಿರುತ್ತದೆ. ಹೃದಯಾಘಾತವಾದ ಸುರಪುರದ ರೋಗಿ ರಸ್ತೆಯಲ್ಲಿ ಎರಡು ತಾಸಿಗೂ ಹೆಚ್ಚು ಹೊತ್ತು ಕಳೆಯದೆ ಕಲಬುರಗಿ ಮುಟ್ಟುವಂತಾದರೆ ಅದಕ್ಕಿಂತ ಒಳ್ಳೆಯದೇನಿದೆ? ಆ ಸೌಲಭ್ಯ ಬರಲೇಬೇಕು. ಬರುವ ಮುನ್ನ ಇಲ್ಲಿನ ಆಕಾಶದಲ್ಲಿ ಈಗಾಗಲೇ ಯಾರು ಹಾರುತ್ತಿದ್ದಾರೆ ಎಂಬ ಲೆಕ್ಕ ಆಗಬೇಕು ಎಂಬುದಷ್ಟೇ ನನ್ನ ವಾದ.

ಸುರಪುರದ ಅರಸ ಪಾಮನಾಯಕ ಕಟ್ಟಿಸಿದ, 19ನೇ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ದುರಸ್ತಿ ಮಾಡಿಸಿದ ಬೋನಾಳ ಕೆರೆ ಇಂದು ರಂಗನತಿಟ್ಟಿನ ನಂತರ ರಾಜ್ಯದ ಎರಡನೇ ದೊಡ್ಡ ಪಕ್ಷಿಧಾಮವೆಂದು ಹೆಸರಾಗಿದೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಗೂ ಇದು ತಂಗುದಾಣ. ಅತ್ತ ನಾರಾಯಣಪುರ ಜಲಾಶಯ, ಇತ್ತ ಭೀಮೆ, ನಡುವೆ ಎಡದಂಡೆ ಕಾಲುವೆಯ ನೀರು ಕುಡಿದು ಬೆಳೆದ ಶಹಾಪುರ, ಸುರಪುರದ ಭತ್ತದ ಗದ್ದೆಗಳು. ಹೆಬ್ಬಾತು ಹಗಲು ನೀರಲ್ಲಿ ವಿಶ್ರಮಿಸಿ, ಹೊತ್ತು ಇಳಿದ ಮೇಲೆ ಹೊಲಗಳಿಗೆ ಮೇಯಲು ಹೋಗುವ ಹಕ್ಕಿ. ಅಂದರೆ ಕೆರೆಯ ಅಂಗಳವನ್ನಷ್ಟೇ ಬಿಟ್ಟು ಹಾರಿದರೆ ಸಾಲದು. ಮುಂಜಾನೆ ಮತ್ತು ಮುಸ್ಸಂಜೆ ಕೆರೆಗೂ ಗದ್ದೆಗೂ ನಡುವಿನ ಗಾಳಿಯೇ ಅವುಗಳ ದಾರಿ. ಏರ್ ಟ್ಯಾಕ್ಸಿ ಹಾರುವುದೂ ಇದೇ ಗಾಳಿಯಲ್ಲಿ. ದೊಡ್ಡ ವಿಮಾನ ಕೆಲವೇ ನಿಮಿಷಗಳಲ್ಲಿ ಹಕ್ಕಿಗಳ ಎತ್ತರ ದಾಟಿ ಮೇಲೇರುತ್ತದೆ. ಏರ್ ಟ್ಯಾಕ್ಸಿ ಹೊರಟಲ್ಲಿಂದ ಇಳಿಯುವವರೆಗೂ ಕೆಳ ಆಕಾಶದಲ್ಲೇ ಇರುತ್ತದೆ.

ಡಿಕ್ಕಿಯ ಪರಿಣಾಮ ಊಹೆಯ ಮಾತಲ್ಲ. 2009ರ ಜನವರಿ 4ರಂದು ಅಮೆರಿಕದ ಲೂಸಿಯಾನಾದಲ್ಲಿ ಸಿಕೋರ್ಸ್ಕಿ ಎಸ್-76 ಹೆಲಿಕಾಪ್ಟರ್‌ಗೆ ಒಂದು ಕೆಂಪುಬಾಲದ ಗಿಡುಗ ಬಡಿಯಿತು. ಹಕ್ಕಿಯ ತೂಕ ಹೆಚ್ಚೆಂದರೆ ಒಂದು ಕೆ.ಜಿ. ಆಸುಪಾಸು. ಪೆಟ್ಟು ಬಿದ್ದದ್ದು ಪೈಲಟ್‌ಗಳ ಮುಂದಿನ ಗಾಜಿನ ಮೇಲಂಚಿಗೆ; ಆ ಅದುರಿಗೆ ಎಂಜಿನ್‌ಗಳ ನಿಯಂತ್ರಣದ ಹಿಡಿಗಳು ಜರುಗಿ ಎರಡೂ ಎಂಜಿನ್‌ಗಳ ಶಕ್ತಿ ಕುಸಿಯಿತು. ಒಳಗಿದ್ದ ಒಂಬತ್ತು ಜನರಲ್ಲಿ ಎಂಟು ಮಂದಿ ಸತ್ತರು. ಹನ್ನೊಂದು ದಿನ ಕಳೆಯುವಷ್ಟರಲ್ಲಿ ನ್ಯೂಯಾರ್ಕಿನಿಂದ ಹೊರಟ ವಿಮಾನವೊಂದರ ಎರಡೂ ಎಂಜಿನ್‌ಗಳಿಗೆ ಕೆನಡಾ ಹೆಬ್ಬಾತುಗಳು ಸಿಕ್ಕಿ, ಪೈಲಟ್ ಅದನ್ನು ಹಡ್ಸನ್ ನದಿಯ ಮೇಲೆ ಇಳಿಸಬೇಕಾಯಿತು. 155 ಜನ ಬದುಕಿದರು. ಅಲ್ಲಿ ಕೆಳಗೆ ನದಿಯಿತ್ತು, ಪೈಲಟ್ ನುರಿತವರಾಗಿದ್ದರು.

ಈಗ ತೂಕದ ವಿಚಾರ. ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆ ಏರ್ ಟ್ಯಾಕ್ಸಿಗಳ ಪರೀಕ್ಷೆಗೆ ಇಟ್ಟುಕೊಂಡಿರುವುದು 1 ಕೆ.ಜಿ. ಹಕ್ಕಿಯ ಅಳತೆ, ದೊಡ್ಡ ಹೆಲಿಕಾಪ್ಟರ್‌ಗಳಿಗೂ ಹೆಚ್ಚುಕಡಿಮೆ ಅಷ್ಟೇ. ದೊಡ್ಡ ಪ್ರಯಾಣಿಕ ವಿಮಾನಗಳಿಗೆ ಇದು ಸುಮಾರು 1.8 ಕೆ.ಜಿ. ಆದರೆ ಬೆಳೆದ ಪಟ್ಟೆತಲೆ ಹೆಬ್ಬಾತು ಎರಡರಿಂದ ಮೂರು ಕೆ.ಜಿ. ತೂಗುತ್ತದೆ, ಬಣ್ಣದ ಕೊಕ್ಕರೆಯೂ ಕಡಿಮೆಯೇನಿಲ್ಲ. ವೇಗ ಒಂದೇ ಇದ್ದರೆ ಎರಡೂವರೆ ಕೆ.ಜಿ. ಹಕ್ಕಿಯ ಪೆಟ್ಟಿನ ಶಕ್ತಿ ಪರೀಕ್ಷೆಯ ಹಕ್ಕಿಗಿಂತ ಎರಡೂವರೆ ಪಟ್ಟು. ಅದೂ ಹೆಬ್ಬಾತು ಒಂಟಿಯಾಗಿ ಹಾರುವುದಿಲ್ಲ. ಎಲ್ಲೋ ಪಾಸಾದ ಯಂತ್ರ ನಮ್ಮಲ್ಲೂ ಸುರಕ್ಷಿತ ಎಂದು ಒಪ್ಪಿಕೊಳ್ಳಲು ನನ್ನ ಮನಸ್ಸು ಹಿಂಜರಿಯುವುದು ಈ ಲೆಕ್ಕಕ್ಕೇ.

ಇಂಥ ವಾಹನಗಳಿಗೆ ಹಲವು ರೋಟರ್‌ಗಳಿರುತ್ತವೆ, ಒಂದು ನಿಂತರೆ ಉಳಿದವು ಹೊರುತ್ತವೆ ಎಂಬ ಉತ್ತರವಿದೆ. ತೂಕದ ಮಾತಿದು, ತಳ್ಳಿಹಾಕುವಂತಿಲ್ಲ. ಆದರೆ ಒಂಟಿ ಹಕ್ಕಿಗೆ ಸಲ್ಲುವ ಈ ಉತ್ತರ ಹಿಂಡಿಗೆ ಸಲ್ಲದು. ಒಡೆದ ರೋಟರ್ ರೆಕ್ಕೆಯ ಚೂರು ಪಕ್ಕದ ರೋಟರ್‌ಗೆ ತಾಗಬಹುದು. ಲೂಸಿಯಾನಾದಲ್ಲಿ ರೋಟರ್‌ಗೆ ಏನೂ ಆಗಿರಲಿಲ್ಲ ಎಂಬುದನ್ನೂ ನೆನೆಯಬೇಕು. ಹಕ್ಕಿಗಳು ತಾವೇ ದಾರಿ ಬಿಡುತ್ತವೆ ಎನ್ನುವವರು, ಈ ವಾಹನಗಳ ದೊಡ್ಡ ಹೆಗ್ಗಳಿಕೆಯೇ ಕಡಿಮೆ ಸದ್ದು ಎಂಬುದನ್ನು ಗಮನಿಸಲಿ. ತಡವಾಗಿ ಕೇಳಿಸಿದ್ದಕ್ಕೆ ಹಕ್ಕಿ ತಡವಾಗಿಯೇ ಹೊರಳುತ್ತದೆ.

ಇನ್ನೊಂದು ಆಕ್ಷೇಪ ನನಗೆ ಹೆಚ್ಚು ಮುಖ್ಯ ಎನಿಸುತ್ತದೆ: ಹಿಂದುಳಿದ ಜಿಲ್ಲೆಗೆ ಒಂದು ಸೌಲಭ್ಯ ಬರುವಾಗ ಹಕ್ಕಿಯ ನೆಪದಲ್ಲಿ ಅಡ್ಡಗಾಲು ಹಾಕಬೇಕೆ? ಈ ನೋವು ಅರ್ಥವಾಗುವಂಥದ್ದು. ಕಲ್ಯಾಣ ಕರ್ನಾಟಕ ಕಾದಷ್ಟು ಬೇರೆ ಯಾರೂ ಕಾದಿಲ್ಲ. ಆದರೆ ಇಲ್ಲಿ ಕೇಳುತ್ತಿರುವುದು ತಡೆಯನ್ನಲ್ಲ. ಸ್ಟ್ರೆಚರ್ ಮೇಲೆ ಮಲಗಿದ ರೋಗಿಗೆ ಬೆಂಗಳೂರಿನ ಪ್ರಯಾಣಿಕನಿಗಿಂತ ಕಡಿಮೆ ಸುರಕ್ಷತೆ ಸಾಕೆ? ಕೆರೆ, ಗದ್ದೆಗಳ ಮೇಲಿನ ಹಕ್ಕಿಗಳ ಹಾರಾಟವನ್ನು ಎರಡು ಚಳಿಗಾಲ ಹೊತ್ತು ಹೊತ್ತಿಗೆ, ಎತ್ತರ ಎತ್ತರಕ್ಕೆ ಎಣಿಸಿದರೆ ಸುರಕ್ಷಿತ ಮಾರ್ಗ ತಾನಾಗಿ ಗೊತ್ತಾಗುತ್ತದೆ. ಬೋನಾಳವನ್ನು ಬಳಸಿ ಹೋಗುವ ಮಾರ್ಗಕ್ಕೆ ತಗಲುವ ಹೆಚ್ಚುವರಿ ಸಮಯ ನಿಮಿಷಗಳಲ್ಲಿ ಮುಗಿಯುವಂಥದ್ದು. ಇಳಿದಾಣದ ಜಾಗ ಗೊತ್ತುಮಾಡುವಾಗ ಕಸದ ರಾಶಿ, ಕಸಾಯಿಖಾನೆಗಳನ್ನೂ ನೋಡಬೇಕು. ಹದ್ದುಗಳು ಸೇರುವುದು ಅಲ್ಲೇ. ವಿಮಾನ ನಿಲ್ದಾಣದ ಸುತ್ತ 10 ಕಿ.ಮೀ. ಒಳಗೆ ಬಯಲಲ್ಲಿ ಪ್ರಾಣಿವಧೆ, ಕಸ ಸುರಿಯುವುದನ್ನು ನಿಷೇಧಿಸುವ ನಿಯಮ ನಮ್ಮ ದೇಶದಲ್ಲಿ ಈಗಾಗಲೇ ಇದೆ. ಅದೇ ಎಚ್ಚರ ಈ ಪುಟ್ಟ ಇಳಿದಾಣಗಳಿಗೂ ಸಲ್ಲಬೇಕು.

ಎಣಿಕೆಗೆ ದೊಡ್ಡ ಹಣವೇನೂ ಬೇಡ. ಏಷ್ಯಾದ ಜಲಪಕ್ಷಿ ಗಣತಿ ಪ್ರತಿ ಜನವರಿಯಲ್ಲಿ ನಡೆಯುತ್ತದೆ, ಅದರ ಜೊತೆ ಹಾರಾಟದ ಎತ್ತರ ಮತ್ತು ಹೊತ್ತನ್ನು ದಾಖಲಿಸುವ ಕೆಲಸ ಸೇರಿದರೆ ಸಾಕು. ಯಾದಗಿರಿ ಜಿಲ್ಲಾಡಳಿತ ಮತ್ತು ಅರಣ್ಯ ಇಲಾಖೆ ಬರುವ ಚಳಿಗಾಲದಲ್ಲೇ ಬೋನಾಳದಿಂದ ಇದನ್ನು ಆರಂಭಿಸಲಿ. ಆ ವರದಿ ಕೈಸೇರುವವರೆಗೆ ಈ ಜಿಲ್ಲೆಯ ಯಾವ ಹಾರಾಟ ಮಾರ್ಗಕ್ಕೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಒಪ್ಪಿಗೆ ಕೊಡಬಾರದು.